ಸ್ಟ್ರಾಬೆರಿ ವಾಸನೆಯ ಬಾಗಿಲು

ಸ್ಟ್ರಾಬೆರಿ, ಹೌದು, ಸ್ಟ್ರಾಬೆರಿಯೇ — ಈಗತಾನೆ ಫಿನಾಯಿಲ್ ಹಾಕಿ ಒರೆಸಿದ ಕಾರಿಡಾರಿನಲ್ಲಿ ಇದೆಲ್ಲಿಂದ ಬಂತು ಎಂದು ಅವಳ ಮೂಗು ಕೇಳಿತು, ಕಾಲು ನಿಂತಿತು, ಅಕ್ಕನ ಕೀಲಿಗೊಂಚಲು ಮಾತ್ರ ಝಣಝಣ ಎನ್ನುತ್ತ ಮುಂದೆ ಹೋಯಿತು, ಅಡುಗೆಮನೆ ಇರುವುದು ಕೆಳಗೆ, ಆ ತುದಿಗೆ, ಹಣ್ಣು ಕೊಡುವುದು ಸಂಜೆಗೆ, ಹಾಗಾದರೆ ಇದು ಯಾವ ಸಂದಿಯಿಂದ — ಚಿಕ್ಕಂದಿನಿಂದಲೂ ಅವಳದು ಇದೇ ಕಥೆ, ಪಕ್ಕದ ಮನೆಯವರು ಗುಸುಗುಸು ಅಂದರೆ ಸಾಕು ಇವಳ ಕಿವಿ ಗೋಡೆಗೆ, ಅಮ್ಮ ಆ ಕಿವಿಯನ್ನೇ ಹಿಂಡುತ್ತಿದ್ದಳು, ಊರ ಉಸಾಬರಿಯೆಲ್ಲ ನಿಂಗ್ಯಾಕೇ, ಈಗ ನೋಡಮ್ಮ, ಊರ ಉಸಾಬರಿಗೇ ತಿಂಗಳು ತಿಂಗಳು ಸಂಬಳ, ಗಂಡನಿಗಂತೂ ಹೇಳಿ ಮುಗಿಯದ ನಗು, ಮೂಗು ತೂರಿಸೋಕೂ ಪಿಂಚಣಿ ಇದೆಯೇನೇ ನಿಮ್ಮ ಕಚೇರೀಲಿ, ಇದೆ ಮಾರಾಯ, ಇದೆ, ಸರ್ಕಾರದ ದುಡ್ಡಿನಲ್ಲೇ ಸರ್ಕಾರದ ತಪ್ಪು ಹುಡುಕುವ ಕಚೇರಿ, ಮಕ್ಕಳನ್ನು ಕಾಯುವ ಇಲಾಖೆಯನ್ನೇ ಕಾಯುವ ಕಚೇರಿ, ಇಲಾಖೆಯ ಯಾವ ಸಾಹೇಬನೂ ಇವಳಿಗೆ ಫೋನು ಮಾಡಿ ಸ್ವಲ್ಪ ನೋಡಿಕೊಳ್ಳಿ ಎನ್ನುವ ಹಾಗಿಲ್ಲ, ಸ್ವತಂತ್ರ ಅಂದರೆ ಸ್ವತಂತ್ರ, ಹೇಳದೆ ಕೇಳದೆ ಬಾಗಿಲು ತಟ್ಟುವವಳು, ಇವತ್ತೂ ಹಾಗೇ ತಟ್ಟಿದಳು, ತೆರೆದವರು ಅಕ್ಕ. ಒಡಹುಟ್ಟಿದ ಅಕ್ಕ ಅಲ್ಲ, ಅದಕ್ಕಿಂತ ಒಂದು ಕೈ ಹೆಚ್ಚೇ, ಈ ಕಚೇರಿಗೆ ಬರುವ ಮುಂಚೆ ಅದೇ ಇಲಾಖೆಯಲ್ಲಿ ಇವಳು ಹೊಸಬಳಾಗಿದ್ದಾಗ ಕೈಹಿಡಿದು ಕೆಲಸ ಕಲಿಸಿದವರು, ಹೆರಿಗೆಯ ಹೊತ್ತಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕೂತವರು, ಈಗ ಈ ಮಕ್ಕಳ ಮನೆಯ ಮೇಲ್ವಿಚಾರಕಿ. ಅಯ್ಯೋ, ನೀನಾ, ಬಾರೇ ಒಳಗೆ, ಟೀ ಕುಡಿದ್ಬಿಟ್ಟು ಎಷ್ಟು ಬೇಕಾದ್ರೂ ತಪಾಸಣೆ ಮಾಡ್ಕೋ, ಅಂದರು ಅಕ್ಕ, ನಕ್ಕರು, ಆ ನಗುವಿಗೆ ಇವಳಿಗೂ ನಗು ಬಂತು.

ಎಲ್ಲ ಚೆನ್ನಾಗಿದೆ, ಅದೇ ಸೋಜಿಗ, ಹಾಸಿಗೆಗಳು ನೆಟ್ಟಗೆ, ಕಿಟಕಿಗಳು ತೆರೆದಿವೆ, ಸ್ನಾನದ ಮನೆಯಲ್ಲಿ ಬಿಸಿನೀರು, ಅಂಗಳದಲ್ಲಿ ಮಕ್ಕಳು ಕೂಗಾಡುತ್ತಿದ್ದಾರೆ, ಕೂಗಾಡುವ ಮಕ್ಕಳಿದ್ದರೆ ಅರ್ಧ ಚಿಂತೆ ಬಿಟ್ಟ ಹಾಗೆ ಎಂದು ಕಲಿಸಿದವರೂ ಅಕ್ಕನೇ — ಆದರೆ ಈ ಸ್ಟ್ರಾಬೆರಿ? ಹಿಂದಿನಿಂದ ಯಾರೋ ಅವಳ ಬ್ಯಾಗನ್ನು ಮೆಲ್ಲಗೆ ಎಳೆದರು, ಜಡೆಯ ಹುಡುಗಿ, ಮುಂದಿನ ಎರಡು ಹಲ್ಲು ಇಲ್ಲ, ಆಂಟೀ, ಇದರೊಳಗೆ ಏನಿದೆ, ಪೆನ್ನು, ನೀರು, ಒಂದು ಬಿಸ್ಕತ್ತು ಪೊಟ್ಟಣ, ತೆಗೆದು ತೋರಿಸಿ, ತೋರಿಸಿದಳು, ಟಾರ್ಚು ಯಾಕೆ, ಕತ್ತಲಿರೋ ಕಡೆ ನೋಡೋಕೆ, ಇಲ್ಲಿ ಕತ್ತಲಿಲ್ವಲ್ಲ, ಹೌದಲ್ಲ, ನಿಜ — ತನ್ನ ಜಾತಿಯದೇ ಮೂಗು ಇದು, ಎಂದುಕೊಂಡಾಗ ಅವಳಿಗೆ ಹುಡುಗಿಯ ಮೇಲೆ ಪ್ರೀತಿ ಉಕ್ಕಿತು, ಬಿಸ್ಕತ್ತು ಕೊಟ್ಟಳು, ಹುಡುಗಿ ಬಾಯಿ ತುಂಬ ಬಿಸ್ಕತ್ತಿಟ್ಟುಕೊಂಡೇ ಹೇಳಿತು, ಇವತ್ತು ಬೆಳಿಗ್ಗೆ ನಾವ್ಯಾರೂ ಹಲ್ಲೇ ಉಜ್ಜಿಲ್ಲ, ಪೇಸ್ಟು ಮುಗಿದೋಯ್ತು, ಪಿಂಕ್ ಪೇಸ್ಟು, ಸ್ಟ್ರಾಬೆರಿದು. ಆಹಾ, ಸಿಕ್ಕಿತು ವಾಸನೆ, ಅರ್ಧ ಸಿಕ್ಕಿತು, ಮಕ್ಕಳ ಪೇಸ್ಟು, ಆದರೆ ಪೇಸ್ಟು ಹಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಯಿತು, ಸ್ನಾನದ ಮನೆ ಕೆಳಗಿನ ಮಹಡಿಯಲ್ಲಿ, ಇಲ್ಲಿ ಬರೀ ಸ್ಟೋರ್ ರೂಮಿನ ಬಾಗಿಲು, ಬಿಳಿ ಬಣ್ಣದ ಬಾಗಿಲು, ಅದರ ಮೇಲೆ, ಅವಳ ಎದೆಯ ಎತ್ತರಕ್ಕೆ, ನಾಲ್ಕು ಗುಲಾಬಿ ಚುಕ್ಕೆ.

ಬಗ್ಗಿ ಮೂಸಿದಳು, ಬಾಗಿಲನ್ನು ಮೂಸುವ ಸರ್ಕಾರಿ ಅಧಿಕಾರಿ, ಗಂಡ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದ — ಸ್ಟ್ರಾಬೆರಿಯೇ, ಇನ್ನೂ ಒಣಗಿಲ್ಲ, ಚುಕ್ಕೆಗಳಲ್ಲ ಅವು, ಸ್ಕ್ರೂ ತೂತುಗಳು, ಪೇಸ್ಟಿನಿಂದ ಮುಚ್ಚಿದ್ದಾರೆ, ಬಾಡಿಗೆ ಮನೆ ಬಿಡುವಾಗ ಮೊಳೆಯ ತೂತಿಗೆ ಇವಳೂ ಹೀಗೇ ಮಾಡಿದ್ದುಂಟು, ಆದರೆ ಬಿಳಿ ಪೇಸ್ಟಿನಲ್ಲಿ, ಇವರಿಗೆ ಅವಸರ, ಕೈಗೆ ಸಿಕ್ಕಿದ್ದು ಗುಲಾಬಿ, ನಾಲ್ಕು ತೂತು ಅಂದರೆ ಒಂದು ಚಿಲಕ, ಬಾಗಿಲಿನ ಹೊರಗಡೆಯ ಚಿಲಕ, ಬೆಳಿಗ್ಗೆ ಬಿಚ್ಚಿದ ಚಿಲಕ — ಇರಲಿ, ಸ್ಟೋರ್ ರೂಮಿಗೆ ಹೊರಗಡೆ ಚಿಲಕ ಇರುವುದೇ ತಾನೇ, ಎಲ್ಲ ಮನೆಗಳಲ್ಲೂ ಇರುತ್ತದೆ, ಇದ್ದಿದ್ದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ, ಬಿಚ್ಚಿದ್ದು ಯಾಕೆ? ಮೊದಲು ಚಿಲಕ ನೋಡೇ, ಹಾಸಿಗೆ ಆಮೇಲೆ, ಚಿಲಕ ಯಾವ ಕಡೆ ಇದೆ ಅನ್ನೋದೇ ಮನೆಯ ಗುಟ್ಟು ಹೇಳುತ್ತೆ — ಯಾರ ಮಾತು ಅದು, ಅಕ್ಕನದೇ, ತಾನು ಕಲಿಸಿದವಳು ಮೊದಲು ಏನು ನೋಡುತ್ತಾಳೆ ಎಂಬುದು ಅಕ್ಕನಿಗಲ್ಲದೆ ಇನ್ಯಾರಿಗೆ ಗೊತ್ತು, ಆದರೆ ಇವತ್ತೇ ಬರುತ್ತಾಳೆ ಎಂದು — ನಿನ್ನೆಯ ಫೋನು, ನಾಳೆ ಊಟಕ್ಕೆ ಬಾರೇ, ಎಷ್ಟು ದಿನ ಆಯ್ತು, ಅಯ್ಯೋ ನಾಳೆ ಆಗಲ್ಲ ಅಕ್ಕ, ಯಾಕೆ ಎಂದು ಅಕ್ಕ ಕೇಳಲೇ ಇಲ್ಲ, ಸರಿ ಬಿಡು ಅಂದರು, ಯಾವಾಗಲೂ ಯಾಕೇ ಯಾಕೇ ಎಂದು ಪ್ರಾಣ ತಿನ್ನುವ ಅಕ್ಕ ನಿನ್ನೆ ಕೇಳಲಿಲ್ಲ, ಕೇಳದೆಯೇ ತಿಳಿದುಹೋಗಿತ್ತು. ಅಲ್ಲೇನಿದೆಯೇ, ಬರೀ ಹಾಸಿಗೆ, ಕಂಬಳಿ, ಬಾ, ಟೀ ಆರ್ತಾ ಇದೆ, ಎಂದು ಅಕ್ಕ ಮೆಟ್ಟಿಲ ಬಳಿಯಿಂದ ಕರೆದರು, ಬಾಗಿಲು ತಳ್ಳಿದಳು, ಹೌದು, ಹಾಸಿಗೆ, ಕಂಬಳಿ, ಅಕ್ಕ ಸುಳ್ಳು ಹೇಳಿಲ್ಲ, ಕಿಟಕಿ ಇಲ್ಲ, ದೀಪದ ಸ್ವಿಚ್ಚು ಹೊರಗೆ, ಟಾರ್ಚು ಹಾಕಿದಳು, ಬಾಗಿಲಿನ ಒಳಮೈಯಲ್ಲಿ ಅವಳ ಸೊಂಟಕ್ಕಿಂತ ಕೆಳಗೆ ಬಣ್ಣ ಕಿತ್ತುಹೋಗಿದೆ, ಅಷ್ಟು ಕೆಳಗೆ ದೊಡ್ಡವರು ಬಾಗಿಲು ಕೆರೆಯುವುದಿಲ್ಲ. ಇದೇನು ರೂಮು ಪುಟ್ಟೀ, ಎಂದು ಜಡೆಯ ಹುಡುಗಿಯನ್ನು ಕೇಳಿದಳು. ಇದಾ, ಇದು ಯೋಚನೆ ರೂಮು, ಗಲಾಟೆ ಮಾಡಿದ್ರೆ ಇಲ್ಲಿ ಕೂತು ಯೋಚನೆ ಮಾಡ್ಬೇಕು.

ಎಷ್ಟು ಹೊತ್ತು, ಏನು ಯೋಚನೆ, ಕತ್ತಲಿನಲ್ಲಾ, ಎಲ್ಲ ಕೇಳಬೇಕೆಂದಿತು ಮೂಗು, ಜೀವಮಾನದಲ್ಲಿ ಮೊದಲ ಸಲ ಬಾಯಿ ಬೇಡ ಅಂದಿತು — ಅಕ್ಕ ಮೇಲೆ ಬರುತ್ತಿದ್ದಾರೆ, ಕೀಲಿಗೊಂಚಲು ಝಣಝಣ, ಆಸ್ಪತ್ರೆಯ ಬೆಂಚು, ಬೆಳಗಿನವರೆಗೂ ಕಾದ ಅಕ್ಕ, ನನ್ನ ಹೆಸರು ಹಾಳು ಮಾಡ್ಬೇಡ ಕಣೇ ಎಂದು ಹೇಳಿಯಾರು, ಹೇಳಲಿಲ್ಲ, ಪಕ್ಕದಲ್ಲಿ ಬಂದು ನಿಂತರು, ಬಾಗಿಲನ್ನು ನೋಡಿದರು, ಇವಳನ್ನು ನೋಡಿದರು, ಹಳೇ ಬಾಗಿಲು ಕಣೇ, ಅಂದರು, ಅಷ್ಟೇ. ಅಯ್ಯೋ ಅಕ್ಕ, ಚಿಲಕ ಹಾಗೇ ಬಿಟ್ಟಿದ್ದರೆ ಕಾಣುತ್ತಿರಲಿಲ್ಲ, ನೀವೇ ತೋರಿಸಿಕೊಟ್ಟಿರಿ, ಎಂದು ಅಳು ಬರುವಂತಾಯಿತು ಅವಳಿಗೆ, ಕೈಯೇನೋ ಬ್ಯಾಗಿನಲ್ಲಿ ಫೋನು ಹುಡುಕುತ್ತಿತ್ತು, ತನ್ನ ಕಚೇರಿಯ ಆಯುಕ್ತರ ನಂಬರು, ಒತ್ತಿದರೆ ಇವತ್ತೇ ಈ ಮನೆಯ ಮಕ್ಕಳು ಬೇರೆ ಕಡೆಗೆ, ಅಕ್ಕ ಮನೆಗೆ, ಒತ್ತದಿದ್ದರೆ ನಾಳೆ ಅದೇ ತೂತಿಗೆ ಅದೇ ಚಿಲಕ — ಆದರೆ ಒಂದು ತಿಳಿಯದು, ಪ್ರತಿ ಗುಲಾಬಿ ಚುಕ್ಕೆಯ ನಡುವೆ ಒಂದು ಗುಳಿ, ಯಾಕೆ, ಅದುಮಿ ತುಂಬಿದ ಗುರುತು, ಬೆರಳ ಗುರುತು, ತನ್ನ ತೋರುಬೆರಳನ್ನು ಅದರ ಮೇಲಿಟ್ಟು ನೋಡಿದಳು, ಕೂರಲಿಲ್ಲ, ಗುಳಿ ಚಿಕ್ಕದು, ಕಿರುಬೆರಳು ಇಟ್ಟಳು, ಅದಕ್ಕೂ ಚಿಕ್ಕದು. ನಾನೇ ತುಂಬಿಸಿದ್ದು ಆಂಟೀ, ಅಂದಿತು ಜಡೆಯ ಹುಡುಗಿ, ಹಲ್ಲಿಲ್ಲದ ಬಾಯಿ ತುಂಬ ಹೆಮ್ಮೆ, ಸ್ಟೂಲ್ ಹತ್ತಿ, ಚೆನ್ನಾಗಿ ತುಂಬಿಸ್ದೆ ಅಂತ ಈ ಮೇಡಂ ಜಾಣೆ ಅಂದ್ರು. ಅಕ್ಕ ಆ ಕಡೆ ಮುಖ ತಿರುಗಿಸಿದರು. ಹಲೋ, ಎಂದಿತು ಫೋನು, ಅವಳೇ ಒತ್ತಿದ್ದಾಳೆ, ಯಾವಾಗ ಒತ್ತಿದಳೋ, ಹಲೋ, ಹೇಳಿ, ಕೇಳಿಸ್ತಿದೆಯಾ, ಹೇಳಬೇಕು, ಮನೆಯ ವಿಳಾಸ, ಮೇಲ್ವಿಚಾರಕಿಯ ಹೆಸರು, ಅಕ್ಕನ ಹೆಸರು, ಯಾವ ಕೋಣೆ, ಯಾವ ಚಿಲಕ, ಮೇಡಂ, ಎಂದಳು, ಇಲ್ಲೊಂದು ಬಾಗಿಲಿದೆ ಮೇಡಂ, ಮುಂದೆ, ಮುಂದೆ ಏನು, ನಾಲ್ಕು ತೂತು, ಗುಲಾಬಿ ಪೇಸ್ಟು, ನಡುವೆ ಗುಳಿ, ಕಿರುಬೆರಳಿಗಿಂತ ಚಿಕ್ಕದು, ಗುಲಾಬಿ, ಕಿರುಬೆರಳಿಗಿಂತ ಚಿಕ್ಕದು —