ಅತ್ತೆಯನ್ನು ಎತ್ತುವ ಪಟ್ಟಿ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಆ ಮನೆಯ ದಿನಚರಿಯೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗತೊಡಗಿತ್ತು: ಅವರನ್ನು ಎತ್ತುವವರು ಯಾರು? ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಅತ್ತೆ ಭಾರಿ ಆಳು. ಮೊದಲಿನಿಂದಲೂ ಮೈಕೈ ತುಂಬಿಕೊಂಡವರು, ಆ ಬಗ್ಗೆ ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. "ನಾನೇನು ಗಾಳಿ ಕುಡಿದು ಬೆಳೆದವಳಾ?" ಎನ್ನುತ್ತಿದ್ದರು. ಬೆಳಿಗ್ಗೆ, ಸಂಜೆ ಗಂಡುಮಕ್ಕಳಿಬ್ಬರೂ ಸೇರಿ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವರು ಕೆಲಸಕ್ಕೆ ಹೋದ ಮೇಲೆ ಹಗಲಿಡೀ ಮಂಚವೇ ಗತಿ, ಸೂರು ನೋಡುವುದೇ ಕೆಲಸ.

ವ್ಯಾಯಾಮ ಮಾಡಿಸಲು ಬರುತ್ತಿದ್ದ ನರ್ಸ್ ಒಂದು ದಾರಿ ಹೇಳಿಕೊಟ್ಟಿದ್ದಳು. ಸೊಂಟಕ್ಕೆ ದಪ್ಪನೆಯ ಪಟ್ಟಿ ಕಟ್ಟಿ, ಎರಡು ಬದಿಯ ಹಿಡಿಕೆಗಳನ್ನು ಹಿಡಿದು ಎತ್ತಿದರೆ ಇಬ್ಬರು ಹೆಂಗಸರೇ ಸಾಕು. ಕಿರಿಯ ಸೊಸೆ ಅಂಗಡಿಯಿಂದ ತಂದ ಪಟ್ಟಿ ಅತ್ತೆಯ ಸೊಂಟವನ್ನು ಮುಕ್ಕಾಲು ಸುತ್ತುವಷ್ಟರಲ್ಲಿ ಮುಗಿದುಹೋಯಿತು.

"ಇದು ನನ್ನ ಎಡಗಡೆಗೆ ಸರಿಹೋಯ್ತು, ಬಲಗಡೆಗೆ ಇನ್ನೊಂದು ತಗೊಂಡು ಬಾ" ಎಂದರು ಅತ್ತೆ. ನಕ್ಕರು ನಿಜ, ಆದರೆ ನಕ್ಕ ಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಕಿರಿಯ ಸೊಸೆ ಅದನ್ನು ಗಮನಿಸಿದಳು.

ತಾನೇ ಹೊಲಿಯುವುದೆಂದು ಅವಳು ತೀರ್ಮಾನಿಸಿದಳು. ಗಂಡ ಓಡಿಸುತ್ತಿದ್ದ ವ್ಯಾನಿನ ಹಳೆಯ ಕ್ಯಾನ್ವಾಸ್ ಹೊದಿಕೆ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಒಗೆದು, ಒಣಗಿಸಿ, ಮೂರು ಪದರ ಮಡಿಸಿದಳು. ಹಿಡಿಕೆಗೆ ಹಳೆಯ ಪ್ರಯಾಣದ ಚೀಲದ ಪಟ್ಟಿ, ಮುಂದೆ ಬಿಗಿಯಲು ಅಂಗಡಿ ಪಟ್ಟಿಯದೇ ಬಕಲ್. ಇನ್ನು ಉಳಿದದ್ದು ಹೊಲಿಗೆ ಮಿಷನ್. ಅದೂ ಮನೆಯಲ್ಲಿತ್ತು. ಇತ್ತು ಎನ್ನುವುದೇ ತೊಂದರೆ.

ಅದು ಅತ್ತೆ ಮದುವೆಯಾದ ಹೊಸತರಲ್ಲಿ ಕೊಂಡ ಕಪ್ಪು ಮಿಷನ್. ಕಾಲಲ್ಲಿ ತುಳಿಯುವಂಥದ್ದು, ಮೈಮೇಲಿನ ಚಿನ್ನದ ಬಣ್ಣದ ಬಳ್ಳಿ ಅರ್ಧ ಅಳಿಸಿಹೋಗಿತ್ತು. ಹಿರಿಯ ಸೊಸೆ ಈ ಮನೆಗೆ ಬಂದ ದಿನದಿಂದ ಅದು ಅವಳ ಕೈಯಲ್ಲೇ ಓಡಿತ್ತು. ಗಂಡನ ಅಂಗಿ, ಮೈದುನನ ಪ್ಯಾಂಟು, ನಾದಿನಿಯ ಮಕ್ಕಳ ಬಟ್ಟೆ, ಪಕ್ಕದ ಮನೆಯವರ ದಿಂಬಿನ ಚೀಲ, ಎಲ್ಲ ಅವಳದೇ. ನಾಲಿಗೆ ಕೂಡ ಅಷ್ಟೇ ಹರಿತವಾದ್ದರಿಂದ ಮನೆಮಂದಿ ಹಿಂದಿನಿಂದ ಅವಳನ್ನು ಕತ್ತರಿ ಎಂದು ಕರೆಯುತ್ತಿದ್ದರು. ಅಣ್ಣತಮ್ಮಂದಿರು ಮೇಲೊಂದು ಕೆಳಗೊಂದು ಬೇರೆ ಬೇರೆ ಸಂಸಾರ ಹೂಡಿದಾಗ, ಸೂಜಿಗೆ ದಾರ ಪೋಣಿಸಲೂ ತಡಕಾಡುವ ಕಿರಿಯವಳಿಗೆ ಮಿಷನ್ ಇರಲಿ ಎಂದುಬಿಟ್ಟರು ಅತ್ತೆ. ಯಾಕೆ ಅಂತ ಹೇಳಲಿಲ್ಲ. ಹಿರಿಯವಳೂ ಕೇಳಲಿಲ್ಲ. ತುಟಿ ಬಿಗಿದುಕೊಂಡು ಮೇಲೆ ಹೋದಳು. ಅಂದಿನಿಂದ ಓರಗಿತ್ತಿಯರ ನಡುವೆ ಹಾಂ, ಹೂಂ ಬಿಟ್ಟರೆ ಮಾತಿಲ್ಲ. ಅತ್ತೆಯನ್ನು ನೋಡಲು ಅವಳು ದಿನಾ ಇಳಿದು ಬರುತ್ತಿದ್ದಳು. ಆದರೆ ಕಿರಿಯವಳು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದ ಹೊತ್ತು ನೋಡಿ ಬಂದು, ಅವಳು ಖಾಲಿ ಬಕೆಟ್ ಹಿಡಿದು ಒಳಗೆ ಬರುವಷ್ಟರಲ್ಲಿ ಮಾಯವಾಗುತ್ತಿದ್ದಳು.

ಕಿರಿಯವಳು ಮಿಷನ್ ಮೇಲೆ ಪೇರಿಸಿದ್ದ ಬಟ್ಟೆಯ ರಾಶಿಯನ್ನು ಇಳಿಸಿ, ಧೂಳು ಒರೆಸಿ, ಹೇಗೋ ದಾರ ಪೋಣಿಸಿ ಕೂತಳು. ತೆಳು ಬಟ್ಟೆಯ ಮೇಲೆ ಹೊಲಿದು ನೋಡಿದಾಗ ನಾಲ್ಕು ಹೊಲಿಗೆ ಬಿತ್ತು. ಧೈರ್ಯ ಬಂತು. ಕ್ಯಾನ್ವಾಸ್ ಇಟ್ಟು ತುಳಿದದ್ದೇ ತಡ, ಟಕ್ ಎಂದು ಸೂಜಿ ಮುರಿಯಿತು. ಇನ್ನೊಂದು ಹಾಕಿದಳು. ಅದು ಮುರಿಯಲಿಲ್ಲ, ಆದರೆ ಒಂದು ಹೊಲಿಗೆ ಬಿದ್ದರೆ ಮೂರು ಹಾರುತ್ತಿದ್ದವು. ಪಟ್ಟಿ ತಿರುಗಿಸಿ ನೋಡಿದರೆ ಅಡಿಯಲ್ಲಿ ದಾರವೆಲ್ಲ ಗುಬ್ಬಿಗೂಡಿನಂತೆ ಗಂಟುಕಟ್ಟಿತ್ತು. ಗಂಟು ಅಡಿಯಲ್ಲಿದ್ದ ಮೇಲೆ ತಪ್ಪೂ ಅಡಿಯದೇ ಇರಬೇಕೆಂದು ಅಡಿದಾರ ಸುತ್ತಿಟ್ಟ ಬಾಬಿನ್ ಡಬ್ಬಿಯ ತಿರುಪನ್ನು ಬಿಗಿ ಮಾಡಿದಳು. ದಾರವೇ ತುಂಡಾಯಿತು. ಮತ್ತೆ ತುಳಿದರೆ ಪೆಡಲ್ ಓಡುತ್ತಿತ್ತು, ಸೂಜಿ ಮಾತ್ರ ಕ್ಯಾನ್ವಾಸಿಗೆ ಕಚ್ಚಿಕೊಂಡು ನಿಂತಿತ್ತು.

"ಏನೇ ಅದು, ಯಾರ ಹಲ್ಲು ಕೀಳ್ತಿದೀಯಾ?" ಎಂದರು ಅತ್ತೆ ಮಂಚದಿಂದ.

"ನನ್ನದೇ ಅತ್ತೆ."

"ಮೇಲೆ ಹೋಗಿ ಅವಳನ್ನ ಕರಿ."

"ಅವರು ಬರ್ತಾರಾ?"

"ನಿನಗೋಸ್ಕರ ಬರಲ್ಲ. ಮಿಷನ್ ನರಳ್ತಿದೆ ಅನ್ನು, ಬರ್ತಾಳೆ."

ಹತ್ತುವಾಗ ಮೆಟ್ಟಿಲುಗಳು ಎಂದಿಗಿಂತ ಕಡಿದಾಗಿ ಕಂಡವು. ಹಿರಿಯವಳು ಬಾಗಿಲಲ್ಲೇ ನಿಂತು, ಕಿರಿಯವಳ ಕೈಯಲ್ಲಿದ್ದ ಮುರಿದ ಸೂಜಿಯನ್ನೂ ಗಂಟುಗಂಟಾದ ಪಟ್ಟಿಯನ್ನೂ ನೋಡಿದಳು.

"ಅಕ್ಕ, ಅತ್ತೆನ ಎತ್ತೋದಕ್ಕೆ ಪಟ್ಟಿ ಹೊಲೀತಿದೀನಿ. ಆಗ್ತಾ ಇಲ್ಲ. ಹೊಲಿಗೆ ಬಿಚ್ಚಿಕೊಂಡ್ರೆ ಅವರು ನಡುದಾರೀಲಿ ಬಿದ್ದುಬಿಡ್ತಾರೆ."

ಹಿರಿಯವಳು ಪಟ್ಟಿಯನ್ನು ತೆಗೆದುಕೊಂಡು ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಹೊಲಿಗೆ ಪರಪರನೆ ಬಿಚ್ಚಿಕೊಂಡಿತು. ಒಳಗೆ ಹೋದಳು. ಮುಖಕ್ಕೆ ಬಾಗಿಲು ಹಾಕಿದಳೆಂದೇ ಕಿರಿಯವಳು ತಿಳಿದಳು. ಆದರೆ ಅವಳು ಕನ್ನಡಕ, ಎಣ್ಣೆಯ ಡಬ್ಬಿ ಮತ್ತು ಒಂದು ಪುಟ್ಟ ಪೊಟ್ಟಣ ಹಿಡಿದು ಹೊರಬಂದು, ಮುಂದಾಗಿಯೇ ಮೆಟ್ಟಿಲಿಳಿದಳು.

ಮಿಷನ್ ಮುಂದೆ ಕೂತವಳು ಹೊಲಿಯಲಿಲ್ಲ. ಮೊದಲು ಸೂಜಿಯನ್ನು ಬಿಚ್ಚಿ ಬೆಳಕಿಗೆ ಹಿಡಿದಳು. "ಇದು ರವಿಕೆ ಹೊಲಿಯೋ ಸೂಜಿ. ಇದರಲ್ಲಿ ಕ್ಯಾನ್ವಾಸ್ ಹೊಲಿಯೋದು ಅಂದ್ರೆ ಕಡ್ಡೀಲಿ ಗೋಡೆ ಅಗೆದ ಹಾಗೆ. ಅದೂ ಬುಡದ ಚಪ್ಪಟೆ ಬದಿ ತಿರುಗುಮುರುಗು ಕೂತಿದೆ, ಹೊಲಿಗೆ ಹಾರದೆ ಇನ್ನೇನು ಮಾಡುತ್ತೆ?" ಪೊಟ್ಟಣದಿಂದ ಹದಿನೆಂಟನೇ ನಂಬರಿನ ದಪ್ಪ ಸೂಜಿ ತೆಗೆದು ಹಾಕಿದಳು. ಬಾಬಿನ್ ಇರುವ ಕಡೆ ತೆರೆದು ಬೆರಳ ತುದಿಯಲ್ಲಿ ನಾರಿನ ಒಂದು ಉಂಡೆಯನ್ನೇ ಎಳೆದು ತೆಗೆದಳು.

"ಅಡಿಯಲ್ಲಿ ಗಂಟು ಬಿದ್ರೆ ತಪ್ಪು ಮೇಲಿನ ದಾರದ್ದು" ಎಂದಳು.

"ಮೇಲಿನದ್ದಾ?"

"ಹೂಂ. ದಾರ ಬಿಗಿ ಹಿಡಿಯೋ ಈ ಎರಡು ಬಿಲ್ಲೆಗಳ ಮಧ್ಯೆ ಅದು ಕೂತೇ ಇಲ್ಲ. ಬಟ್ಟೆ ಒತ್ತೋ ಪಾದ ಕೆಳಗಿದ್ದಾಗ ಪೋಣಿಸಿದೀಯ, ಆಗ ಬಿಲ್ಲೆ ಬಾಯಿ ಮುಚ್ಕೊಂಡಿರುತ್ತೆ. ಪಾದ ಎತ್ತಿ ಪೋಣಿಸ್ಬೇಕು."

ಬಿಗಿ ಮಾಡಿದ್ದ ತಿರುಪನ್ನು ಮತ್ತೆ ಸಡಿಲಿಸಿದಳು. ಚರ್ಮದ ಬೆಲ್ಟ್ ಹಳತಾಗಿ ಜೋತುಬಿದ್ದಿತ್ತು, ಭಾರ ಬಿದ್ದ ಕೂಡಲೆ ಚಕ್ರದ ಮೇಲೆ ಜಾರುತ್ತಿತ್ತು. ಅದನ್ನು ಒಂದು ಬೆರಳಗಲ ಕತ್ತರಿಸಿ, ತುದಿಗೆ ತೂತು ಕೊರೆದು, ಕೊಂಡಿ ಸಿಕ್ಕಿಸಿದಳು. ಎಣ್ಣೆ ಬಿಟ್ಟಳು. ಖಾಲಿ ತುಳಿದಾಗ ಮಿಷನ್ನಿನ ದನಿಯೇ ಬದಲಾಗಿತ್ತು. ಹಿರಿಯವಳ ಕೈ ಒಂದು ಗಳಿಗೆ ಆ ಕಪ್ಪು ಮೈಮೇಲೆ ಹಾಗೇ ನಿಂತಿತು. ಕಿರಿಯವಳು ಅದನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

"ಇದ್ರ ಮೇಲೆ ಬಟ್ಟೆ ಪೇರಿಸ್ತಿದ್ದೆ ಅಲ್ವಾ?" ಎಂದಳು ಹಿರಿಯವಳು, ತಿರುಗಿ ನೋಡದೆ.

"ಹೌದು ಅಕ್ಕ. ನನಗೆ ಬರಲ್ಲ ಅಂತ ಗೊತ್ತಿದ್ದೂ ಕೊಟ್ರು. ವಾಪಸ್ ಕೊಟ್ರೆ ಅತ್ತೆಗೆ ಬೇಜಾರು, ಇಟ್ಕೊಂಡ್ರೆ ನಿಮಗೆ. ನಾನೇನು ಮಾಡ್ಲಿ?"

ಮಂಚದ ಮೇಲಿಂದ ಅತ್ತೆ ಕೆಮ್ಮಿದರು. "ಅವಳನ್ನ ಅನ್ಬೇಡ. ಕೊಟ್ಟಿದ್ದು ನಾನು. ನಿನ್ನ ಕತ್ತು ನೋಡೋಕೆ ಆಗ್ತಿರ್ಲಿಲ್ಲ ಕಣೇ. ಬೆನ್ನು ಬಾಗಿಸಿ ಕೂತ್ರೆ ಏಳ್ತಾನೇ ಇರ್ಲಿಲ್ಲ. ಮನೆಯೋರು, ಬೀದಿಯೋರು, ಎಲ್ಲರೂ ಹರಿದಿದ್ದೆಲ್ಲ ತಂದು ನಿನ್ನ ತಲೆ ಮೇಲೆ ಹಾಕೋರು. ಮಿಷನ್ ಹೋದ್ರೆ ನಿನಗೆ ಬಿಡುಗಡೆ ಅಂತ ಅಂದ್ಕೊಂಡೆ."

ಹಿರಿಯವಳು ಕುರ್ಚಿಯಲ್ಲೇ ಪೂರ್ತಿ ತಿರುಗಿದಳು. "ನನ್ನನ್ನ ಒಂದು ಮಾತು ಕೇಳಿದ್ರಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹಾಗಿದ್ರೆ ಬೇಡ ಅಂತಲೇ ಅರ್ಥ ಅಲ್ವಾ ಅತ್ತೆ? ಬೆನ್ನು ನೋಯ್ತಿತ್ತು, ನಿಜ. ಆದ್ರೆ ಈ ಮನೇಲಿ ನನ್ನದು ಅಂತ ಇದ್ದಿದ್ದು ಈ ಕುರ್ಚಿ ಒಂದೇ. ಇಲ್ಲಿ ಕೂತಾಗ ಮಾತ್ರ ಯಾರೂ ನನ್ನನ್ನ, ಬಾ ಈ ಕಡೆ ಅಂತ ಕರೀತಿರ್ಲಿಲ್ಲ. ನಾನು ಏನೋ ಕದ್ದೆ ಅಂತ ನೀವು ಅಂದ್ಕೊಂಡಿದೀರಾ ಅಂತ ಎಷ್ಟು ಯೋಚನೆ ಮಾಡಿದೀನಿ ಗೊತ್ತಾ?"

ಅತ್ತೆ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸಿದರು, ಬಿಡಿಸಿದರು. "ಅದು ನನಗೆ ತಿಳೀಲಿಲ್ಲ" ಎಂದರು ಸಣ್ಣ ದನಿಯಲ್ಲಿ. "ಒಳ್ಳೇದು ಮಾಡ್ತಿದೀನಿ ಅಂತ ಉಬ್ಬಿಹೋಗಿದ್ದೆ."

ಹಿರಿಯವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. ಗಾಜು ಶುದ್ಧವಾಗಿಯೇ ಇತ್ತು. ಆಮೇಲೆ ಕಿರಿಯವಳಿಗೆ, "ಬಾ ಇಲ್ಲಿ. ಚಕ್ರ ನೀನು ತಿರುಗಿಸು. ದಪ್ಪ ಬಂದ ಕಡೆ ಕಾಲಲ್ಲಿ ತುಳೀಬಾರ್ದು" ಎಂದಳು.

ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತರು. ಸೂಜಿ ಸಲೀಸಾಗಿ ಇಳಿಯಲೆಂದು ಹಿರಿಯವಳು ಒಣ ಸಾಬೂನನ್ನು ಹೊಲಿಗೆ ಬೀಳುವ ಗೆರೆಯುದ್ದಕ್ಕೂ ಉಜ್ಜಿ, ಹೊಲಿಗೆಯ ಅಳತೆಯನ್ನು ಉದ್ದಕ್ಕೆ ಇಟ್ಟಳು. ಪಟ್ಟಿಯ ಅಂಚಿನಲ್ಲಿ ಬಟ್ಟೆ ಒತ್ತುವ ಪಾದ ಮೇಲುಮುಖವಾಗಿ ನಿಂತಿತ್ತು. ಅದೇ ಕ್ಯಾನ್ವಾಸಿನ ಚೂರೊಂದನ್ನು ಮಡಿಸಿ ಪಾದದ ಹಿಂದುಗಡೆ ಕೆಳಗೆ ತೂರಿಸಿದಳು. ಪಾದ ಸಮನಾಯಿತು.

"ನಿಧಾನ. ಒಂದು ಸುತ್ತು. ನಿಲ್ಸು. ಈಗ ಇನ್ನೊಂದು."

ಸೂಜಿ ಗುಕ್ಕೆಂದು ಇಳಿದು, ಮೂರು ಪದರ ದಾಟಿ, ಹೊಳೆಯುತ್ತ ಮೇಲೆ ಬಂತು. ಕಿರಿಯವಳ ಅಂಗೈ ಕೆಂಪಾಯಿತು. ಹಿಡಿಕೆಯ ಬುಡದಲ್ಲಿ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹೊಲಿದಳು ಹಿರಿಯವಳು. ಕೊನೆಯ ಹಿಡಿಕೆಗೆ ಬಂದಾಗ ಎದ್ದು, "ಇನ್ನು ನೀನು ಬಟ್ಟೆ ಹಿಡಿ, ನಾನು ಚಕ್ರ ತಿರುಗಿಸ್ತೀನಿ" ಎಂದಳು. ಕಿರಿಯವಳ ಚೌಕ ಚೌಕವಾಗದೆ ಗಾಳಿಪಟದಂತೆ ಓರೆಯಾಯಿತು.

"ಚೆಂದ ಕೇಳೋರು ಯಾರು, ಗಟ್ಟಿ ಇದ್ರೆ ಸಾಕು" ಎಂದರು ಅತ್ತೆ.

"ನೀವು ಸುಮ್ನಿರಿ. ನಿಮಗೆ ಬಿಟ್ಟಿದ್ದಲ್ಲ ಇದು" ಎಂದಳು ಹಿರಿಯವಳು. ಮೂವರೂ ನಕ್ಕರು.

ಅತ್ತೆಗೆ ಕಟ್ಟುವ ಮೊದಲು ಪರೀಕ್ಷೆ ಆಗಬೇಕಿತ್ತು. ಓರಗಿತ್ತಿಯರು ಎದುರು ಬದುರು ನಿಂತು ಒಂದೊಂದು ಹಿಡಿಕೆ ಹಿಡಿದು ಕಾಲೂರಿ ಜಗ್ಗಿದರು. ಮೊದಮೊದಲು ಮರ್ಯಾದೆಗೆ ಎಳೆದರು. ಆಮೇಲೆ ಇಬ್ಬರಿಗೂ ಏನೋ ಹೊಕ್ಕಿತು. ಹಲ್ಲು ಕಚ್ಚಿ, ಹಿಂದಕ್ಕೆ ಬಾಗಿ, ಮೈಯ ಬಲವನ್ನೆಲ್ಲ ಹಾಕಿ ಎಳೆದರು. ಆಡದೆ ಉಳಿದ ಮಾತೆಲ್ಲ ತೋಳಿಗೆ ಇಳಿದು ಬಂದಂತಿತ್ತು. ಒಂದು ಹೊಲಿಗೆಯೂ ಬಿಡಲಿಲ್ಲ.

ಪಟ್ಟಿ ಕಟ್ಟಿ, ಬಕಲ್ ಬಿಗಿದು, ಇಬ್ಬರೂ ಎರಡು ಬದಿ ನಿಂತರು. ಅತ್ತೆಯ ಮುಖದಲ್ಲಿ ಈಗ ತಮಾಷೆ ಇರಲಿಲ್ಲ. "ಬೀಳಿಸಲ್ಲ ತಾನೇ?" ಎಂದರು, ಮಗುವಿನಂತೆ.

"ಬೀಳಿಸಲ್ಲ" ಎಂದರು ಇಬ್ಬರೂ ಒಟ್ಟಿಗೆ.

ಎತ್ತಿದರು. ಅತ್ತೆ ಎದ್ದು ನಿಂತರು, ತೂಗಾಡಿದರು, ಮುಂದಿಟ್ಟಿದ್ದ ವಾಕರ್ ಹಿಡಿದರು. ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಕಿಟಕಿಯ ಬಳಿಯ ಕುರ್ಚಿಗೆ ಹೋಗಿ ಕೂತು, ಏದುಸಿರು ಬಿಡುತ್ತ ಹೊರಗೆ ನೋಡಿದರು. ಬೀದಿಯಲ್ಲಿ ಒಬ್ಬ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ, ಅಷ್ಟೇ. ಅವರು ಅವನನ್ನು ತಿರುವಿನವರೆಗೂ ನೋಡಿದರು.

"ಅಕ್ಕ, ಸಂಜೆ ಇವರು ಬಂದ ಮೇಲೆ ಮಿಷನ್ ಮೇಲಕ್ಕೆ ಹೊರಿಸ್ಲಾ?" ಎಂದು ಕೇಳಿದಳು ಕಿರಿಯವಳು.

ಹಿರಿಯವಳು ಯೋಚಿಸಿದಳು. "ಬೇಡ. ಮೇಲೆ ಕತ್ತಲೆ. ಅಲ್ಲಿಗೆ ಹೋದ್ರೆ ಮತ್ತೆ ನಾನೊಬ್ಬಳೇ ಆಗ್ತೀನಿ. ಇಲ್ಲೇ ಇರ್ಲಿ. ಆದ್ರೆ ಹರಿದಿದ್ದು ತಂದು ಹಾಕೋರಿಗೆ ಹೇಳಿಬಿಡು, ನನಗೆ ಇಷ್ಟ ಬಂದಿದ್ದು ಮಾತ್ರ ಹೊಲೀತೀನಿ."

ಮಾರನೆಯ ದಿನ, ಗಂಡಸರು ಹೊರಟ ಮೇಲೆ, ಅವಳು ಕರೆಯದೆಯೇ ಇಳಿದು ಬಂದಳು. ಅತ್ತೆಯನ್ನು ಎತ್ತಿ ಕಿಟಕಿಗೆ ಕೂರಿಸಿದ ಮೇಲೆ, ಕಂಕುಳಿನಿಂದ ಒಂದು ಹಸಿರು ಬಟ್ಟೆಯನ್ನು ಬಿಡಿಸಿ ಮಿಷನ್ ಮೇಲೆ ಹರಡಿದಳು. ಇಟ್ಟು ಇಟ್ಟು ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು.

"ಚೆನ್ನಾಗಿದೆ ಅಕ್ಕ. ಯಾರಿಗೆ ಇದು?"

"ನನಗೆ" ಎಂದಳು ಹಿರಿಯವಳು. "ಆ ಅಳತೆ ಪಟ್ಟಿ ತಗೊಂಡು ಬಾ. ಬೆನ್ನಳತೆ ನಾನೇ ತಗೊಳ್ಳೋಕಾಗಲ್ಲ."