ಭಾನುವಾರದ ನೀರು

ಅಳತೆಯ ಟೇಪು ಸದಾ ಕುತ್ತಿಗೆಯಲ್ಲೇ ಜೋತಾಡುತ್ತಿದ್ದುದರಿಂದ ಆ ದರ್ಜಿಗೆ ಬೀದಿಯವರು ಇಟ್ಟ ಹೆಸರು ಟೇಪಕ್ಕ. ಅಂಗಡಿಗೆ ಬೀಗ ಜಡಿದು ಅವಳು ಸಭೆಗೆ ಬಂದು ಕೂತಿದ್ದಳು.

ವೇದಿಕೆಯ ಮೇಲೆ ಸಂಶೋಧನಾ ಇಲಾಖೆಯ ಅಧಿಕಾರಿ ಹಲ್ಲು ಕಿರಿಯುತ್ತ ಹೊಸ ನೀತಿಯನ್ನು ಹೊಗಳುತ್ತಿದ್ದ. “ಈಗ ಸಂಶೋಧನೆ ಜನರದ್ದೇ. ಕಾಲುವೆ ನೀರು ಶುದ್ಧ ಅಂತ ನೀವೇ ತೋರಿಸಿಕೊಟ್ರಿ. ಬಣ್ಣದ ಕಾರ್ಖಾನೆ ಮೇಲಿದ್ದ ತನಿಖೆ ಇಲ್ಲಿಗೆ ಮುಗೀತು.”

ಶುದ್ಧವಂತೆ! ಬೀದಿಯ ನಲ್ಲಿಗೆ ಬರುವುದು ಅದೇ ಕಾಲುವೆಯ ನೀರು. ಅದರಲ್ಲಿ ಮಿಂದು ತಂಗಿಯ ಮಗಳ ಮೈಯೆಲ್ಲ ಕಜ್ಜಿಯೆದ್ದಿತ್ತು. ಅಂದಿನಿಂದ ತಂಗಿ ಮಗುವಿಗೆಂದು ದೂರದ ಬಾವಿಯಿಂದ ನೀರು ಹೊರುತ್ತಿದ್ದಳು. ಕಾರ್ಖಾನೆಯ ಕೊಳಕನ್ನು ಬಯಲಿಗೆಳೆಯಲೆಂದೇ ಟೇಪಕ್ಕ, ಜನರೇ ನೀರು ಹಿಡಿದು ಕಳಿಸಲಿ ಎಂಬ ಇಲಾಖೆಯ ಮಾತು ನಂಬಿ, ನೆರೆಹೊರೆಯವರ ಬೆನ್ನು ಹತ್ತಿ, ವಾರವಾರವೂ ಬಾಟಲಿಗಳಲ್ಲಿ ಕಾಲುವೆಯ ನೀರು ಹಿಡಿಸಿ ಪರೀಕ್ಷೆಗೆ ಕಳಿಸಿದ್ದಳು.

ಎಡವಿದ್ದೆಲ್ಲಿ? ಸಭೆಯ ಗೋಡೆಯ ಮೇಲೆ, ಕಾಲುವೆಯ ದಂಡೆಯಲ್ಲಿ ಬಾಟಲಿ ಹಿಡಿದು ನಿಂತ ಬೀದಿಯವರ ಫೋಟೋ ಹಾಕಿದ್ದರು. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮಕ್ಕಳನ್ನು ಕಟ್ಟಿಕೊಂಡು ರಜೆಯ ಗೆಲುವಿನಲ್ಲಿ ನಿಂತಿದ್ದರು. ರಜೆ! ಬೇರೆ ದಿನ ಯಾರಿಗೂ ಪುರಸೊತ್ತಿಲ್ಲವೆಂದು ಅವರು ನೀರು ಹಿಡಿದದ್ದೆಲ್ಲ ಭಾನುವಾರ. ಅವತ್ತು ಕಾರ್ಖಾನೆಗೂ ರಜೆ. ನಾತವಿಲ್ಲವೆಂದು ಖುಷಿಯಾಗಿ ಹರಟುತ್ತ ಹೋಗುತ್ತಿದ್ದರಲ್ಲ, ಒಬ್ಬರ ತಲೆಗೂ ಹೊಳೆಯಲಿಲ್ಲವೇ!

ಎದ್ದು ನಿಂತಳು. “ಸಾರ್, ನಾವು ನೀರು ಹಿಡಿದಿದ್ದು ಬರೀ ಭಾನುವಾರ. ಅವತ್ತು ಕಾರ್ಖಾನೆ ಮುಚ್ಚಿರುತ್ತೆ. ಕೆಲಸದ ದಿನ ಮತ್ತೆ ಹಿಡೀಬೇಕು.”

“ಗೊತ್ತಮ್ಮ,” ಎಂದ ಅಧಿಕಾರಿ. ನಗು ಒಂದಿಷ್ಟೂ ಕದಲಲಿಲ್ಲ. “ಜನರಿಗೆ ಅನುಕೂಲವಾದ ದಿನ ಅಂತ ನೀತಿಯಲ್ಲೇ ಇದೆ. ಬನ್ನಿ, ಪದಕ ತಗೊಳ್ಳಿ.”

ಗೊತ್ತಿತ್ತಂತೆ! ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಅವನು ಟೇಪಿನ ಮೇಲೆ ಪದಕ ಹಾಕಲು ಬಂದಾಗ ಅವನ ಬೆರಳು ತಾಗಿ ಅವಳಿಗೆ ಅಸಹ್ಯವಾಯಿತು. ಪದಕವನ್ನು ಅವನ ಮೇಜಿನ ಮೇಲೆಯೇ ಎಸೆದು, ಹಿಂದೆ ತಿರುಗಿಯೂ ನೋಡದೆ ಮನೆಗೆ ನಡೆದಳು.

ಅಂಗಳದ ನಲ್ಲಿಯ ಕೆಳಗೆ ತಂಗಿ ಮಗಳಿಗೆ ಸ್ನಾನ ಮಾಡಿಸುತ್ತಿದ್ದಳು.

“ಏನೇ ಇದು? ಬಾವಿ ನೀರು ಎಲ್ಲಿ?”

“ಬೆಳಿಗ್ಗೆ ಕಾರ್ಖಾನೆ ಗೇಟಿಗೆ ನಿನ್ನ ಫೋಟೋ ಹಾಕಿದ್ದಾರಲ್ಲಕ್ಕಾ. ಬಾಟಲಿ ಹಿಡ್ಕೊಂಡು ನಗ್ತಿದ್ದೀಯ. ‘ನಮ್ಮ ನೀರು ಶುದ್ಧ’ ಅಂತ ಬರೆದಿದೆ,” ಎಂದಳು ತಂಗಿ, ನಿರಾಳವಾಗಿ. “ಬೇರೆ ಯಾರು ಹೇಳಿದ್ರೂ ನಂಬ್ತಿರಲಿಲ್ಲ.”

ಟೇಪಕ್ಕ ಅವಳ ಕೈಯಿಂದ ಚೊಂಬು ಕಿತ್ತುಕೊಂಡಳು. ಮಗು ಆಗಲೇ ಮೈ ಕೆರೆದುಕೊಳ್ಳುತ್ತಿತ್ತು.