ಒಂದು ಬೆರಳಿನ ಕೆಲಸ

ಆ ಬೆಳಿಗ್ಗೆ ಮಂಜು ಎಷ್ಟು ಕವಿದಿತ್ತೆಂದರೆ ಎದುರುಮನೆಯ ಗೋಡೆಯೂ ಕಾಣುತ್ತಿರಲಿಲ್ಲ. ಬೀದಿಯಲ್ಲಿ ಯಾರೋ ಕೆಮ್ಮಿದ್ದು ಕೇಳಿ, ಗಂಡನ ತಲೆ ಬಾಚುತ್ತಿದ್ದ ಹೆಂಗಸು ಬಾಚಣಿಗೆ ಹಿಡಿದ ಕೈಯನ್ನು ತಡೆದಳು.

"ಅಪ್ಪನ ಜೊತೆಯವರೇನೋ ನೋಡು ಮಗಳೇ."

ಮಗಳು ಹೊಸ್ತಿಲಲ್ಲಿ ನಿಂತು ಇಣುಕಿದಳು. "ಅವ್ರೇ ಅಮ್ಮ. ದೀಪದ ಕಂಬಕ್ಕೆ ಒರಗಿ ನಿಂತಿದಾರೆ. ಒಳಗೆ ಬರೋ ಹಾಗೆ ಕಾಣಲ್ಲ."

"ಹೋಗಿ ಕರಿ. ಗಾಡಿ ಬರೋಕೆ ಇನ್ನು ಅರ್ಧ ಗಂಟೆ. ಹನ್ನೊಂದು ವರ್ಷ ಆತನ ಒಂದು ಮಾತಿಗೆ ಕಾದ್ರು ಇವ್ರು. ಹೊರಡೋಕೆ ಮುಂಚೆ ಒಂದ್ಸಲ ಬಂದು ಮುಖ ನೋಡ್ಲಿ. ನಂಗಷ್ಟೇ ಸಾಕು."

ಮಂಚದ ಮೇಲೆ ಮಲಗಿದ್ದವನು ಬ್ಯಾಂಕಿನ ಕಾವಲುಗಾರ. ಎಡಚ. ಬರೆಯುವುದು, ಬೀಗ ತೆಗೆಯುವುದು, ದೇವರ ಮುಂದೆ ದೀಪ ಹಚ್ಚುವುದು ಎಲ್ಲವೂ ಎಡಗೈಯಲ್ಲೇ. ಹನ್ನೊಂದು ವರ್ಷದ ಹಿಂದೆ ಅವನಿಂದ ಪಿಸ್ತೂಲು ಇಸಿದುಕೊಂಡು ಗೇಟಿನ ರಿಜಿಸ್ಟರು ಕೊಟ್ಟಿದ್ದರು. ನಿನ್ನೆ ಮಧ್ಯಾಹ್ನ ಅದೇ ಗೇಟಿನ ಕುರ್ಚಿಯಲ್ಲಿ, ಕೂತಲ್ಲೇ ಎದೆ ಹಿಡಿದುಕೊಂಡವನು ಮತ್ತೆ ಏಳಲಿಲ್ಲ. ಕಂಬಕ್ಕೆ ಒರಗಿದ್ದವನು ಅವನ ಜೊತೆಗಾರ. ಮೊಣಕಾಲಿಗೆ ಗುಂಡು ಬಿದ್ದಂದಿನಿಂದ ಊರುಗೋಲು ಹಿಡಿದವನು.

"ಮಾಮ, ಅಮ್ಮ ಕರೀತಿದಾಳೆ."

"ನಾನಿಲ್ಲೇ ಇರ್ತೀನಮ್ಮ. ಹೋದವ್ರ ಮೇಲೆ ಸಿಟ್ಟೇನಿಲ್ಲ. ಆದ್ರೆ ಒಳಗೆ ಬಂದು ಕಣ್ಣೊರೆಸೋ ನಾಟಕ ನಂಗೆ ಬರಲ್ಲ. ಅವತ್ತು ನಿಮ್ಮಪ್ಪಂಗಿದ್ದದ್ದು ಒಂದು ಬೆರಳಿನ ಕೆಲಸ. ಒಂದೇ ಒಂದು ಬೆರಳು."

ಆ ಮಾತು ಅವಳಿಗೆ ಹೊಸದಲ್ಲ. 'ಮಣ್ಣಿನ ಪಿಸ್ತೂಲಿನ ಮಗಳು' ಎಂದು ಶಾಲೆಯಲ್ಲೂ ಕರೆಸಿಕೊಂಡವಳು. ಅವಳು ಕಂಬದ ಪಕ್ಕದಲ್ಲೇ ನಿಂತಳು.

*

ಅಂದು ಬ್ಯಾಂಕು ಮುಚ್ಚುವ ಹೊತ್ತು. ಸ್ಪ್ರಿಂಗು ಕೆಟ್ಟ ಕಬ್ಬಿಣದ ಷಟರು ಅರ್ಧಕ್ಕೆ ನಿಂತಿತ್ತು. ಕಸ ಗುಡಿಸುವ ಮುದುಕಿ ಅದರಡಿ ನುಸುಳಿ ಹೊರಬರುವಾಗ ದಡಕ್ಕನೆ ಜಾರಿತು. ಕಾವಲುಗಾರ ಬಲಗೈ ಕೊಟ್ಟು ತಡೆದ. ಮುದುಕಿಯ ಸೊಂಟ ಇನ್ನೂ ಅದರ ಕೆಳಗೇ ಇತ್ತು.

ಅದೇ ಗಳಿಗೆಗೆ ಬೈಕಿನಿಂದ ಇಬ್ಬರು ಇಳಿದರು. ಒಬ್ಬ ಜೊತೆಗಾರನ ಕೈಲಿದ್ದ ಹಣದ ಚೀಲಕ್ಕೆ ಕೈಹಾಕಿದ. ಜೊತೆಗಾರ ಬಿಡಲಿಲ್ಲ. ಇನ್ನೊಬ್ಬ ಪಿಸ್ತೂಲು ತೆಗೆದ.

"ಹೊಡಿ ಅಣ್ಣ! ಹೊಡಿ!"

ಕಾವಲುಗಾರನ ಎಡಗೈಗೂ ಪಿಸ್ತೂಲು ಬಂದಿತ್ತು. ಗುರಿಯೂ ನೆಟ್ಟಗಿತ್ತು. ಗುಂಡು ಮಾತ್ರ ಹಾರಲಿಲ್ಲ. ಹಾರಿದ್ದು ಎದುರಿನಿಂದ.

*

ಮಂಜಿನೊಳಗಿಂದ ಒಬ್ಬ ಮುದುಕ ಬಂದು ಕಂಬದ ಹತ್ತಿರ ನಿಂತ. ಬ್ಯಾಂಕಿನ ಪಿಸ್ತೂಲುಗಳಿಗೆಲ್ಲ ಎಣ್ಣೆ ಹಾಕಿ, ಬೆಳಿಗ್ಗೆ ಕೊಟ್ಟು ಸಂಜೆ ಎಣಿಸಿ ಇಟ್ಟುಕೊಳ್ಳುತ್ತಿದ್ದ ಮಿಸ್ತ್ರಿ.

"ಒಂದು ಬೆರಳು ಅಂದ್ಯಲ್ಲ, ಕೇಳಿಸ್ತು. ಕೋಲನ್ನ ಎಡಗೈಗೆ ತಗೋ."

"ಸಾವಿನ ಮನೆ ಮುಂದೆ ಇದೇನು ಮೇಷ್ಟ್ರಾಟ, ಮಿಸ್ತ್ರಿ?"

"ತಗೋ ಅಂದ್ರೆ. ಹಿಡಿಕೆನೇ ಪಿಸ್ತೂಲು ಅಂದ್ಕೋ. ಬಲಗೈ ಮೇಲೆತ್ತಿ ಕಂಬಕ್ಕೆ ಕೊಡು. ಏನಾದ್ರೂ ಅದನ್ನ ತೆಗಿಬೇಡ. ಈಗ ಸೇಫ್ಟಿ ಬಿಡಿಸು."

ವರ್ಷಗಟ್ಟಲೆ ಪಿಸ್ತೂಲು ಹಿಡಿದ ಅಭ್ಯಾಸ. ಹೆಬ್ಬೆರಳು ತಾನಾಗಿ ಕೆಳಗೆ ಒತ್ತಿತು. ನಿಜವಾದ ಪಿಸ್ತೂಲಾಗಿದ್ದರೂ ಅಲ್ಲಿ ಏನೂ ಇರುತ್ತಿರಲಿಲ್ಲ. ಬಿಡಿಸದ ಹೊರತು ಗುಂಡು ಹಾರಗೊಡದ ಸೇಫ್ಟಿಯ ಪುಟ್ಟ ಕೀಲು ಇದ್ದದ್ದು ಪಿಸ್ತೂಲಿನ ಎಡಮಗ್ಗುಲಿಗೆ, ಬಲಗೈಯವನ ಹೆಬ್ಬೆರಳಿಗೆ ಸಿಗುವ ಹಾಗೆ. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಆಚೆ ಮಗ್ಗುಲಿಗೆ ಹೋಗುತ್ತದೆ. ಜೊತೆಗಾರ ತೋರುಬೆರಳನ್ನು ಹಿಂದಕ್ಕೆ ಮಡಚಿ ಎಟುಕಿಸಲು ನೋಡಿದ. ಹಿಡಿತವೇ ಸಡಿಲಿ ಕೋಲು ನೆಲಕ್ಕೆ ಬಿತ್ತು. ದೇವರು ಎರಡು ಕೈಗಳನ್ನೂ ಒಂದೇ ಅಕ್ಕರೆಯಿಂದ ಮಾಡಿದ್ದ. ಪಿಸ್ತೂಲು ಮಾಡಿದವರು ಒಂದನ್ನಷ್ಟೇ ನೆನೆದಿದ್ದರು.

"ಅವನು ಬಲಗೈ ಹೆಬ್ಬೆರಳು ತಂದು ಬಿಡಿಸ್ತಿದ್ದ," ಎಂದ ಮಿಸ್ತ್ರಿ. "ಅವತ್ತು ಆ ಕೈ ತೆಗೆದಿದ್ರೆ ಮುದುಕಿ ಎರಡು ತುಂಡು."

ಜೊತೆಗಾರ ಮಿಸ್ತ್ರಿಯ ಕಡೆ ತಿರುಗಿದ. "ಹೇಳ್ಬೋದಿತ್ತಲ್ಲ! ನಂಗೊಂದು ಮಾತು ಹೇಳ್ಬೋದಿತ್ತಲ್ಲ!"

"ಬೇಡ ಅಂದವನು ನಾನು. ಎರಡೂ ಕಡೆ ಸೇಫ್ಟಿ ಇರೋ ಪಿಸ್ತೂಲು ಕೊಡ್ಸಿ ಅಂತ ಅದಕ್ಕೊಂದು ವರ್ಷ ಮುಂಚೆನೇ ಅರ್ಜಿ ಬರ್ಕೊಟ್ಟಿದ್ದ. ಎಡಚನ ತರಲೆ ಅಂತ ಡ್ರಾಯರಿಗೆ ತುರುಕ್ದೆ. ವಿಚಾರಣೆ ಶುರುವಾದಾಗ ಅವನ ಹತ್ರ ಹೋಗಿ ಅತ್ತೆ. ಮೂರು ಮಕ್ಕಳು ನಂಗೆ. 'ನಿಮ್ಮ ಕೆಲಸ ಹೋದ್ರೆ ಅವನ ಕಾಲು ವಾಪಸ್ ಬರುತ್ತಾ, ಬಿಡಿ' ಅಂದ. ಆಮೇಲೆ ಆ ಮಾತೇ ಎತ್ತಲಿಲ್ಲ."

ಬೀದಿಯ ಕೊನೆಯಲ್ಲಿ ಗಾಡಿಯ ಸದ್ದು ಕೇಳಿತು. ಜೊತೆಗಾರ ಹುಡುಗಿಯ ಹೆಗಲು ಹಿಡಿದು ಒಳಗೆ ಬಂದ. ಮಂಚದ ಬದಿಗೆ ನಿಂತ. "ಅಣ್ಣ" ಎಂದ. ಹೆಂಡತಿ ಸ್ಟೂಲು ಎಳೆದು ಕೊಟ್ಟಳು. "ಬಂದ್ರಲ್ಲ. ಕೂತ್ಕೊಳ್ಳಿ, ಕಾಲು ನೋಯುತ್ತೆ."

ಅವನು ಕೂರಲಾರದೆ ನಿಂತೇ ಇದ್ದ.

ಹಿಂದಿನಿಂದ ಬಂದ ಮಿಸ್ತ್ರಿ ಅಂಗಿಯ ಜೇಬಿನಿಂದ ಮಡಿಕೆ ಮಡಿಕೆಗೆ ಹರಿದ ಹಾಳೆಯೊಂದನ್ನು ತೆಗೆದು ಅವಳತ್ತ ಚಾಚಿದ. ಅಕ್ಷರ ಯಾರದೆಂದು ಅವಳಿಗೆ ನೋಡಿದೊಡನೆ ತಿಳಿಯಿತು.

"ನಂಗ್ಯಾಕೆ? ಯಾರದೋ ಅವರಿಗೇ ಕೊಡಿ."

ಮಿಸ್ತ್ರಿ ಬಗ್ಗಿ, ತಣ್ಣಗಾಗಿದ್ದ ಎಡಗೈಯನ್ನು ಎತ್ತಿ, ಅರ್ಜಿಯನ್ನು ಅಂಗೈಯಲ್ಲಿಟ್ಟ. ಬೆರಳುಗಳು ಮಡಚಿಕೊಳ್ಳಲಿಲ್ಲ. ಹೊರುವವರು ಒಳಗೆ ಬರುವವರೆಗೂ ತನ್ನ ಕೈಯನ್ನೇ ಅದರ ಮೇಲೆ ಮುಚ್ಚಿ ಹಿಡಿದುಕೊಂಡಿದ್ದ.